ವರ್ನಿಯರ್ ಒಂದು ಹೇಳುತ್ತದೆ, ಮೈಕ್ರೋಮೀಟರ್ ಇನ್ನೊಂದು: ಅಳತೆಯ ದೋಷ ಪತ್ತೆ ಹಚ್ಚುವ ಬಗೆ

ಲೇತ್ ಪಕ್ಕದಲ್ಲಿ ನಿಂತ ಟರ್ನರ್ ಜಾಬನ್ನು, ಅಂದರೆ ತಾವು ಕಡೆದ ತುಂಡನ್ನು, ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿದು 25.00 ಮಿ.ಮೀ. ಎನ್ನುತ್ತಾರೆ. ತಪಾಸಣೆಯ ಮೇಜಿನಲ್ಲಿ ಕುಳಿತವರು ಅದೇ ಜಾಬನ್ನು ಮೈಕ್ರೋಮೀಟರಿನಲ್ಲಿ ಹಿಡಿದು 24.97 ಎನ್ನುತ್ತಾರೆ. ಡ್ರಾಯಿಂಗಿನಲ್ಲಿರುವುದು 25 ಎಚ್7. ಅಂದರೆ ಶಾಫ್ಟು 25.000ಕ್ಕಿಂತ ಮೇಲೆ ಹೋಗುವಂತಿಲ್ಲ, 24.979ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಒಬ್ಬರ ಲೆಕ್ಕದಲ್ಲಿ ಮಾಲು ಪಾಸು, ಇನ್ನೊಬ್ಬರ ಲೆಕ್ಕದಲ್ಲಿ ರಿಜೆಕ್ಟು. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಇಂಥ ಜಗಳ ಹೊಸದಲ್ಲ. ಬಹುತೇಕ ಸಲ ಅದು ಮುಗಿಯುವುದು ಯಾರ ದನಿ ದೊಡ್ಡದೋ ಅವರ ಅಳತೆಯೇ ಸರಿ ಎಂಬ ತೀರ್ಮಾನದಲ್ಲಿ, ಇಲ್ಲವೇ ಎರಡೂ ಉಪಕರಣಗಳ ಸೊನ್ನೆಯನ್ನು ಒತ್ತಾಯದಿಂದ ಹೊಂದಿಸುವುದರಲ್ಲಿ. ಎರಡನೆಯದು ಮೊದಲನೆಯದಕ್ಕಿಂತ ಅಪಾಯಕಾರಿ. ಸೊನ್ನೆಯನ್ನು ಮುಟ್ಟಿದ ಕ್ಷಣದಲ್ಲೇ ದೋಷದ ಕುರುಹು ಅಳಿಸಿಹೋಗುತ್ತದೆ.

ಎರಡು ಅಳತೆಗಳ ನಡುವೆ ವ್ಯತ್ಯಾಸ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ "ಯಾವುದು ಸರಿ" ಎಂಬುದಲ್ಲ, "ವ್ಯತ್ಯಾಸ ಹೇಗೆ ವರ್ತಿಸುತ್ತಿದೆ" ಎಂಬುದು. ಎಲ್ಲ ಅಳತೆಗಳಲ್ಲೂ ಒಂದೇ ಸಮನಾಗಿದೆಯೇ? ಅಳತೆ ದೊಡ್ಡದಾದಂತೆ ಬೆಳೆಯುತ್ತಿದೆಯೇ? ಪ್ರತಿ ಸಲವೂ ಬೇರೆ ಬೇರೆಯೇ? ಜಾಬನ್ನು ದವಡೆಯ ಒಂದು ಜಾಗದಲ್ಲಿ ಹಿಡಿದಾಗ ಮಾತ್ರ ಕಾಣಿಸುತ್ತದೆಯೇ? ಈ ನಾಲ್ಕಕ್ಕೂ ಕಾರಣಗಳು ಬೇರೆ. ವರ್ತನೆ ಗೊತ್ತಾದರೆ ಕಾರಣ ಹುಡುಕುವ ಕೆಲಸ ಮುಕ್ಕಾಲು ಮುಗಿದಂತೆ.

ಏನನ್ನೂ ತಿರುಗಿಸುವ ಮುನ್ನ

ಜಾಬನ್ನೂ ಎರಡೂ ಉಪಕರಣಗಳ ಅಳೆಯುವ ಮುಖಗಳನ್ನೂ ಒರೆಸಿ. ಕಾಟನ್ ವೇಸ್ಟಿನಿಂದಲ್ಲ, ಅದು ನೂಲು ಬಿಡುತ್ತದೆ. ನೂಲು ಬಿಡದ ಬಟ್ಟೆ ಬೇಕು. ಬಟ್ಟೆಯಿಲ್ಲದಿದ್ದರೆ ಒಂದು ಒಳ್ಳೆಯ ಬಿಳಿ ಕಾಗದವನ್ನು ಮೈಕ್ರೋಮೀಟರಿನ ಆನ್ವಿಲ್ (ಕದಲದ ಮುಖ) ಮತ್ತು ಸ್ಪಿಂಡಲ್ (ಸರಿಯುವ ಮುಖ) ನಡುವೆ ಹಗುರವಾಗಿ ಹಿಡಿಸಿ ಎಳೆದುಬಿಡಿ. ಮುಖದ ಮೇಲಿನ ಎಣ್ಣೆ, ಪುಡಿ ಕಾಗದಕ್ಕೆ ಅಂಟಿ ಬರುತ್ತವೆ. ಜಾಬಿನ ಅಂಚಿನಲ್ಲಿ ಬರ್, ಅಂದರೆ ಕಡೆದಾಗ ಏಳುವ ಲೋಹದ ಚೂಪು, ಉಳಿದಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಬರ್ ಉಗುರಿಗೆ ಸಿಗುತ್ತದೆ.

ಆಮೇಲೆ ಜಾಬಿನ ಮೇಲೆ ಮಾರ್ಕರಿನಿಂದ ಒಂದು ಗುರುತು ಹಾಕಿ, ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ಪ್ರತಿ ಉಪಕರಣದಿಂದ ಕೆಲವು ಸಲ ಅಳೆದು ಬರೆದಿಡಿ. ನಂತರ ಉಪಕರಣಗಳನ್ನು ಅದಲುಬದಲು ಮಾಡಿ: ಟರ್ನರ್ ಕೈಗೆ ಮೈಕ್ರೋಮೀಟರ್, ತಪಾಸಕರ ಕೈಗೆ ವರ್ನಿಯರ್. ವ್ಯತ್ಯಾಸ ಉಪಕರಣದ ಹಿಂದೆ ಹೋಯಿತೋ, ಮನುಷ್ಯನ ಹಿಂದೆ ಹೋಯಿತೋ ಎಂಬುದು ಇಲ್ಲೇ ತಿಳಿಯುತ್ತದೆ. ಈ ಅದಲುಬದಲಿಗೆ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ ಎಂಬುದೂ ನಿಜ. ಆದರೂ ಮಾಡಿಸಿ.

ನಿರೀಕ್ಷೆಯೇ ತಪ್ಪಿರಬಹುದು

ಇನ್ನೂ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಮೇಲಿನ ಉದಾಹರಣೆಯಲ್ಲಿ ವರ್ನಿಯರ್ ಕೆಟ್ಟಿರಲೇಬೇಕೆಂದಿಲ್ಲ. ಸಾಮಾನ್ಯ ವರ್ನಿಯರಿನಲ್ಲಿ 49 ಮಿಲಿಮೀಟರನ್ನು 50 ಭಾಗ ಮಾಡಿರುತ್ತಾರೆ, ಹಾಗಾಗಿ ಅದು ಓದಬಲ್ಲ ಅತಿ ಸಣ್ಣ ಅಳತೆ 0.02 ಮಿ.ಮೀ. ಡಿಜಿಟಲ್ ಕ್ಯಾಲಿಪರ್ ಪರದೆಯಲ್ಲಿ 0.01 ತೋರಿಸುತ್ತದೆ. ಆದರೆ ಒಳ್ಳೆಯ ತಯಾರಕರು ಕೂಡ 150 ಮಿ.ಮೀ. ಉಪಕರಣಕ್ಕೆ ಭರವಸೆ ಕೊಡುವುದು ಸುಮಾರು 0.02 ಹೆಚ್ಚು ಅಥವಾ ಕಡಿಮೆ ಎಂದಷ್ಟೇ. ಪರದೆಯ ಕೊನೆಯ ಅಂಕಿಯನ್ನು ನಂಬುವವರು ಈ ಎರಡರ ಅಂತರವನ್ನು ಮರೆತಿರುತ್ತಾರೆ. 0ರಿಂದ 25ರ ಮೈಕ್ರೋಮೀಟರಿಗೆ ಅದೇ ಭರವಸೆ 2ರಿಂದ 4 ಮೈಕ್ರಾನ್, ಅಂದರೆ 0.002ರಿಂದ 0.004 ಮಿ.ಮೀ.

25 ಎಚ್7ರಲ್ಲಿ ಸಿಗುವ ಒಟ್ಟು ಅವಕಾಶವೇ 21 ಮೈಕ್ರಾನ್. ಅಳೆಯುವ ಉಪಕರಣದ ತಪ್ಪು ಈ ಅವಕಾಶದ, ಅಂದರೆ ಟಾಲರೆನ್ಸಿನ, ಹತ್ತನೇ ಒಂದು ಭಾಗ ಮೀರಬಾರದು, ಹೆಚ್ಚೆಂದರೆ ನಾಲ್ಕನೇ ಒಂದು ಭಾಗ ಎಂಬುದು ಹಳೆಯ ಕಾರ್ಖಾನೆ ನಿಯಮ. ಆ ಲೆಕ್ಕದಲ್ಲಿ ಕ್ಯಾಲಿಪರ್ ಈ ಜಾಬಿಗೆ ಅರ್ಹವೇ ಅಲ್ಲ. ಅದು 25.00 ತೋರಿಸಿದಾಗ ಜಾಬು 24.98 ಇದ್ದರೂ ಅದು ತನ್ನ ಮಾತಿಗೆ ತಪ್ಪಿಲ್ಲ. ಡ್ರಾಯಿಂಗಿನಲ್ಲಿ 0.1 ಹೆಚ್ಚು ಕಡಿಮೆ ಎಂದಿದ್ದರೆ ಕ್ಯಾಲಿಪರ್ ಧಾರಾಳವಾಗಿ ಸಾಕು. 0.05 ಎಂದಿದ್ದರೆ ಎಚ್ಚರಿಕೆಯಿಂದ ಬಳಸಬಹುದು. ಅದಕ್ಕಿಂತ ಕೆಳಗಿಳಿದರೆ ಮೈಕ್ರೋಮೀಟರ್. ಎರಡು ಉಪಕರಣಗಳ ವ್ಯತ್ಯಾಸ 0.02ರೊಳಗೆ ಇದ್ದರೆ ದುರಸ್ತಿಗೆ ಏನೂ ಇಲ್ಲ, ಕ್ಯಾಲಿಪರನ್ನು ಆ ಕೆಲಸದಿಂದ ಬಿಡುಗಡೆ ಮಾಡಿ ಮುಂದೆ ಹೋಗಿ. 0.03 ಇದ್ದರೆ ಮುಂದಕ್ಕೆ ಓದಿ.

ಸರಿಯಾಗಿ ಅರ್ಧ ಮಿಲಿಮೀಟರ್ ವ್ಯತ್ಯಾಸ

ಇದು ಯಂತ್ರದ ದೋಷವಲ್ಲ, ಓದುವ ದೋಷ. ಮೈಕ್ರೋಮೀಟರಿನ ಸ್ಕ್ರೂ ಒಂದು ಸುತ್ತಿಗೆ 0.5 ಮಿ.ಮೀ. ಸರಿಯುತ್ತದೆ, ಅದರೊಂದಿಗೆ ತಿರುಗುವ ಹೊರಗಿನ ಕೊಳವೆಯ, ಅಂದರೆ ಥಿಂಬಲಿನ, ಮೇಲೆ 50 ಗೆರೆಗಳಿರುತ್ತವೆ. ತಿರುಗದ ಒಳಕೊಳವೆಯಾದ ಸ್ಲೀವ್ ಮೇಲಿನ ಅರ್ಧ ಮಿಲಿಮೀಟರ್ ಗೆರೆ ಹೊರಗೆ ಬಂದಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಇರುವಾಗ 12.48 ಇದ್ದದ್ದು 12.98 ಆಗುತ್ತದೆ. ಇಲ್ಲಿ ವರ್ನಿಯರ್ ಉಪಕಾರಕ್ಕೆ ಬರುತ್ತದೆ: ಮೊದಲು ಅದರಲ್ಲಿ ಒರಟಾಗಿ ಅಳೆದು, ನಂತರ ಮೈಕ್ರೋಮೀಟರ್ ಹಿಡಿದರೆ ಈ ತಪ್ಪು ಆಗುವುದೇ ಇಲ್ಲ.

ಎಲ್ಲೆಡೆ ಒಂದೇ ಸಮನಾದ ವ್ಯತ್ಯಾಸ

5 ಮಿ.ಮೀ. ಪಿನ್ನಿನಲ್ಲೂ 0.03, 20 ಮಿ.ಮೀ. ಪಿನ್ನಿನಲ್ಲೂ 0.03 ಎಂದಾದರೆ ಅದು ಸೊನ್ನೆಯ ದೋಷ. ದವಡೆ ಮುಚ್ಚಿದಾಗ ಕ್ಯಾಲಿಪರ್ 0.03 ತೋರಿಸುತ್ತಿದ್ದರೆ ಪ್ರತಿ ಅಳತೆಯಿಂದ 0.03 ಕಳೆಯಬೇಕು. ಸೊನ್ನೆಗಿಂತ ಹಿಂದೆ ನಿಂತಿದ್ದರೆ ಅಷ್ಟನ್ನೇ ಕೂಡಬೇಕು. ಡಿಜಿಟಲ್ ಆದರೆ ಗುಂಡಿ ಒತ್ತಿದರಾಯಿತು. ಆದರೆ ದವಡೆಯ ನಡುವೆ ಪುಡಿ ಇರುವಾಗ ಗುಂಡಿ ಒತ್ತಿದವರೇ ಈ ದೋಷದ ಮೂಲಪುರುಷರು ಎಂಬುದನ್ನು ನೆನಪಿಡಿ.

ಮೈಕ್ರೋಮೀಟರಿನಲ್ಲಿ 0.01ರೊಳಗಿನ ಸೊನ್ನೆ ದೋಷವನ್ನು ಪೆಟ್ಟಿಗೆಯ ಜೊತೆ ಬರುವ ಸಣ್ಣ ಕೊಕ್ಕೆ ಸ್ಪ್ಯಾನರಿನಿಂದ ಸ್ಲೀವನ್ನು ತಿರುಗಿಸಿ ಸರಿಪಡಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಥಿಂಬಲನ್ನು ಸಡಿಲಿಸಿ ಕೂರಿಸಬೇಕು. ಅಷ್ಟು ದೊಡ್ಡ ದೋಷ ತಾನಾಗಿ ಬರುವುದು ಅಪರೂಪ. ಉಪಕರಣ ಕೆಳಗೆ ಬಿದ್ದಿರುತ್ತದೆ, ಬೀಳಿಸಿದವರು ಹೇಳಿರುವುದಿಲ್ಲ. 25ರಿಂದ 50ರ ಮೈಕ್ರೋಮೀಟರಿಗೆ ಸೊನ್ನೆ ನೋಡಲು 25 ಮಿ.ಮೀ. ಸೆಟ್ಟಿಂಗ್ ರಾಡ್ ಬೇಕು. ಆ ರಾಡನ್ನು ಕಳೆದುಕೊಂಡವರು ಡೋವೆಲ್ ಪಿನ್ ಹಿಡಿದು ಸೊನ್ನೆ ಮಾಡುವುದನ್ನು ನೋಡಬಹುದು. ಸಾಮಾನ್ಯ ಡೋವೆಲ್ ಪಿನ್ನನ್ನು ಎಂ6 ಎಂಬ ಟಾಲರೆನ್ಸಿಗೆ ಗ್ರೈಂಡ್ ಮಾಡಿರುತ್ತಾರೆ. 10 ಮಿ.ಮೀ. ಪಿನ್ ಎಂದು ಮಾರುವುದು ನಿಜದಲ್ಲಿ 10.006ರಿಂದ 10.015ರ ನಡುವೆ ಎಲ್ಲಿಯೂ ಇರಬಹುದು. ಹೋಲಿಕೆಗೆ ಅದು ಆದೀತು, ಪ್ರಮಾಣಕ್ಕೆ ಆಗದು.

ಪ್ರತಿ ಸಲವೂ ಬೇರೆ ಬೇರೆ

ಅದೇ ಜಾಗದಲ್ಲಿ ಅಳೆದರೂ 24.96, 24.98, 24.95 ಎಂದು ಅಲೆದಾಡುತ್ತಿದ್ದರೆ ಮೊದಲು ಒತ್ತಡವನ್ನು ಶಂಕಿಸಿ. ಮೈಕ್ರೋಮೀಟರಿನ ತುದಿಯಲ್ಲಿ ಟಿಕ್ ಎಂದು ಜಾರುವ ಗುಬುಟು, ಅಂದರೆ ರಾಚೆಟ್, ಇರುವುದೇ ಪ್ರತಿ ಸಲವೂ ಒಂದೇ ಒತ್ತಡ ಬೀಳಲೆಂದು. ಅದರ ಬಲ ಸಾಮಾನ್ಯವಾಗಿ 5ರಿಂದ 10 ನ್ಯೂಟನ್. ಥಿಂಬಲನ್ನೇ ಹಿಡಿದು ಬಿಗಿ ಮಾಡುವ ಅಭ್ಯಾಸ ನಮ್ಮ ಅನೇಕ ಹಿರಿಯ ಟರ್ನರುಗಳಿಗಿದೆ. ಅವರ ಕೈ ಅಷ್ಟು ಪಳಗಿರುವುದರಿಂದ ಅವರಿಗೆ ಒಂದೇ ಅಳತೆ ಸಿಗುತ್ತದೆ. ಅವರನ್ನು ನೋಡಿ ಕಲಿತ ಹುಡುಗನಿಗೆ ಸಿಗುವುದಿಲ್ಲ. ಸ್ಕ್ರೂವಿನ ಶಕ್ತಿ ದೊಡ್ಡದು: ಜೋರಾಗಿ ತಿರುಗಿಸಿದರೆ ಸಿ ಆಕಾರದ ಫ್ರೇಮೇ ಸ್ವಲ್ಪ ತೆರೆದುಕೊಳ್ಳುತ್ತದೆ, ಅಳತೆ ಕಡಿಮೆ ತೋರಿಸುತ್ತದೆ. ನಿಧಾನವಾಗಿ ಮುಟ್ಟಿಸಿ, ರಾಚೆಟ್ ಎರಡು ಮೂರು ಸಲ ಟಿಕ್ ಎನ್ನಿಸಿ, ನಿಲ್ಲಿಸಿ. ವೇಗವಾಗಿ ತಿರುಗಿಸಿ ಡಿಕ್ಕಿ ಹೊಡೆಸಿದರೆ ರಾಚೆಟ್ ಇದ್ದೂ ಪ್ರಯೋಜನವಿಲ್ಲ.

ಒತ್ತಡ ಸರಿಯಿದ್ದೂ ಅಲೆದಾಟ ನಿಲ್ಲದಿದ್ದರೆ ಜಾಬೇ ಹಾಗಿರಬಹುದು. ಒರಟು ಟರ್ನಿಂಗ್ ಆದ ಮೇಲ್ಮೈಯಲ್ಲಿ ಟೂಲ್ ಬಿಟ್ಟ ಏಣುಗಳ ತುದಿಯನ್ನು ಅಳೆಯುತ್ತಿರುತ್ತೀರಿ. ಅಂಥ ಮೇಲ್ಮೈಗೆ ಮೈಕ್ರಾನಿನ ಲೆಕ್ಕ ಹೇಳುವುದರಲ್ಲಿ ಅರ್ಥವಿಲ್ಲ.

ಡಿಜಿಟಲ್ ಕ್ಯಾಲಿಪರಿನ ಅಂಕಿಗಳು ತಾವಾಗಿಯೇ ಕುಣಿಯುತ್ತಿದ್ದರೆ ಕಾರಣ ಎರಡರಲ್ಲಿ ಒಂದು: ಬ್ಯಾಟರಿ ಅಥವಾ ಕೂಲಂಟ್. ಪರದೆ ಮಿನುಗತೊಡಗಿದರೆ ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಎಸ್‌ಆರ್44 ಬೇಕಾದ ಜಾಗಕ್ಕೆ ಅಗ್ಗವೆಂದು ಎಲ್‌ಆರ್44 ಹಾಕುತ್ತಾರೆ. ಎರಡೂ ಗಾತ್ರದಲ್ಲಿ ಒಂದೇ, ಆದರೆ ಎಸ್‌ಆರ್ ಬೆಳ್ಳಿ ಆಕ್ಸೈಡಿನದು, ಕೊನೆಯವರೆಗೂ ಹೆಚ್ಚು ಕಡಿಮೆ ಒಂದೇ ವೋಲ್ಟೇಜ್ ಕೊಡುತ್ತದೆ. ಎಲ್‌ಆರ್ ಕ್ಷಾರೀಯವಾದ್ದರಿಂದ ಅದರ ವೋಲ್ಟೇಜ್ ಬಳಸಿದಂತೆಲ್ಲ ಇಳಿಯುತ್ತಾ ಹೋಗುತ್ತದೆ. ಇನ್ನು, ಈ ಉಪಕರಣಗಳಲ್ಲಿ ಹೆಚ್ಚಿನವು ಸ್ಕೇಲಿನ ಪಟ್ಟಿಯನ್ನು ಓದುವುದು ವಿದ್ಯುತ್ ಧಾರಕತೆಯ ಬದಲಾವಣೆಯಿಂದ. ಪಟ್ಟಿಯ ಮೇಲೆ ನೀರು ಬೆರೆತ ಕೂಲಂಟ್ ಕುಳಿತರೆ ಲೆಕ್ಕ ಹಾರಿಹೋಗುತ್ತದೆ. ಒರೆಸಿ, ಒಣಗಿಸಿ, ಮತ್ತೆ ನೋಡಿ. ಕೂಲಂಟ್ ಸಿಡಿಯುವ ಜಾಗದಲ್ಲಿ ಕೆಲಸವಾದರೆ ನೀರು ಒಳಹೋಗದ ಐಪಿ67 ಗುರುತಿನದ್ದನ್ನು ಕೊಳ್ಳಿ, ಇಲ್ಲವೇ ಹಳೆಯ ವರ್ನಿಯರನ್ನೇ ಇಟ್ಟುಕೊಳ್ಳಿ. ಅದಕ್ಕೆ ನೀರಿನ ಹೆದರಿಕೆಯಿಲ್ಲ, ತುಕ್ಕಿನದು ಮಾತ್ರ.

ದವಡೆಯ ತುದಿಯಲ್ಲಿ ಒಂದು, ಬುಡದಲ್ಲಿ ಇನ್ನೊಂದು

ನನ್ನ ಅನುಭವದಲ್ಲಿ ಹಳೆಯ ಕ್ಯಾಲಿಪರುಗಳ ನಿಜವಾದ ಕಾಯಿಲೆ ಇದೇ, ಮತ್ತು ಇದನ್ನೇ ಜನ ಕಡಿಮೆ ಪರೀಕ್ಷಿಸುತ್ತಾರೆ. ದವಡೆ ಮುಚ್ಚಿದರೆ ಸೊನ್ನೆ ಸರಿಯಾಗಿ ಬರುತ್ತದೆ, ಆದ್ದರಿಂದ ಉಪಕರಣ ಸರಿಯಿದೆ ಎಂದುಕೊಳ್ಳುತ್ತಾರೆ. ಒಂದು ಸಣ್ಣ ಪಿನ್ನನ್ನು ದವಡೆಯ ಬುಡದಲ್ಲಿ, ಅಂದರೆ ಸ್ಕೇಲಿನ ಹತ್ತಿರ, ಹಿಡಿದು ಓದಿ. ಅದೇ ಪಿನ್ನನ್ನು ತುದಿಯಲ್ಲಿ ಹಿಡಿದು ಓದಿ. ವ್ಯತ್ಯಾಸ ಕಂಡರೆ ಕಾರಣ ಎರಡು ಇರಬಹುದು: ದವಡೆ ಸವೆದಿದೆ, ಇಲ್ಲವೇ ಸರಿಯುವ ಭಾಗ ಬೀಮಿನ (ಸ್ಕೇಲಿರುವ ಉದ್ದ ಪಟ್ಟಿಯ) ಮೇಲೆ ಸಡಿಲವಾಗಿದೆ.

ಸವೆತವನ್ನು ಬೇರ್ಪಡಿಸುವುದು ಸುಲಭ. ದವಡೆಯನ್ನು ಹಗುರವಾಗಿ ಮುಚ್ಚಿ ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿರಿ. ಕೆಲವೇ ಮೈಕ್ರಾನ್ ಸಂದು ಇದ್ದರೂ ಬೆಳಕು ತೂರಿ ಬರುತ್ತದೆ. ಇಡೀ ಉದ್ದಕ್ಕೂ ಕತ್ತಲೆಯಿದ್ದರೆ ಮುಖ ಚೆನ್ನಾಗಿದೆ. ಬುಡದಲ್ಲಿ ಮುಚ್ಚಿ ತುದಿಯಲ್ಲಿ ಬೆಳಕು ಕಂಡರೆ, ಯಾರೋ ದವಡೆಯ ತುದಿಯನ್ನು ಸ್ಕ್ರೈಬರಿನಂತೆ ಗೆರೆ ಎಳೆಯಲು ಬಳಸಿದ್ದಾರೆ, ಅಥವಾ ತಿರುಗುತ್ತಿರುವ ಜಾಬಿನ ಮೇಲೆಯೇ ಅಳತೆ ನೋಡಿದ್ದಾರೆ. ಎರಡೂ ನಮ್ಮಲ್ಲಿ ದಿನನಿತ್ಯ ನಡೆಯುವ ಪಾಪಗಳೇ. ಒಂದೇ ಜಾಗದಲ್ಲಿ ಹಳ್ಳ ಬಿದ್ದಂತೆ ಬೆಳಕು ಕಂಡರೆ, ಒಂದೇ ಗಾತ್ರದ ಜಾಬನ್ನು ವರ್ಷಗಟ್ಟಲೆ ಅದೇ ಜಾಗದಲ್ಲಿ ಹಿಡಿದಿದ್ದಾರೆ ಎಂದರ್ಥ. ಸವೆದ ದವಡೆಯನ್ನು ಸಾಣೆಕಲ್ಲಿನಲ್ಲಿ ತಿಕ್ಕಿ ಸರಿಮಾಡಲು ಹೋಗಬೇಡಿ. ಅದು ಲ್ಯಾಪಿಂಗ್ ಮಾಡಬಲ್ಲ ಅನುಭವಿಗಳ ಕೆಲಸ.

ಬೆಳಕು ಎಲ್ಲೂ ತೂರದೆ, ಆದರೂ ತುದಿಯಲ್ಲಿ ಅಳತೆ ಕಡಿಮೆ ಬರುತ್ತಿದ್ದರೆ ಸಡಿಲವನ್ನು ಹುಡುಕಿ. ಕ್ಯಾಲಿಪರಿನ ರಚನೆಯಲ್ಲೇ ಒಂದು ದೌರ್ಬಲ್ಯವಿದೆ. ಜಾಬು ಇರುವುದು ಒಂದು ಗೆರೆಯಲ್ಲಿ, ಸ್ಕೇಲು ಇರುವುದು ಅದಕ್ಕಿಂತ ದೂರದ ಇನ್ನೊಂದು ಗೆರೆಯಲ್ಲಿ. ಅಳೆಯುವ ವಸ್ತುವೂ ಸ್ಕೇಲೂ ಒಂದೇ ಗೆರೆಯಲ್ಲಿರಬೇಕು ಎಂದು ಜರ್ಮನಿಯ ಎರ್ನ್ಸ್ಟ್ ಅಬ್ಬೆ 1890ರಲ್ಲೇ ಹೇಳಿದ್ದರು. ಮೈಕ್ರೋಮೀಟರ್ ಆ ನಿಯಮವನ್ನು ಪಾಲಿಸುತ್ತದೆ, ಅದಕ್ಕೇ ಅದರ ಮಾತಿಗೆ ಬೆಲೆ. ಕ್ಯಾಲಿಪರ್ ಪಾಲಿಸುವುದಿಲ್ಲ. ಪರಿಣಾಮ ಎಷ್ಟು ಎಂದು ಲೆಕ್ಕ ಹಾಕಿ: ಸರಿಯುವ ಭಾಗ ಬೀಮಿನ ಮೇಲೆ 40 ಮಿ.ಮೀ. ಉದ್ದಕ್ಕೆ ಕುಳಿತಿದೆ, ಅಷ್ಟು ಉದ್ದದಲ್ಲಿ 0.01 ಮಿ.ಮೀ. ಓಲಾಡುವಷ್ಟು ಸಡಿಲವಿದೆ ಎಂದಿಟ್ಟುಕೊಳ್ಳಿ. ಬೀಮಿನಿಂದ 40 ಮಿ.ಮೀ. ದೂರದಲ್ಲಿರುವ ದವಡೆಯ ತುದಿಯಲ್ಲೂ 0.01ರಷ್ಟೇ ತಪ್ಪು ಬರುತ್ತದೆ. ಸಡಿಲ ಮೂರು ಪಟ್ಟಾದರೆ ತಪ್ಪೂ 0.03 ಆಗುತ್ತದೆ. ಬೆರಳಿನಿಂದ ಜೋರಾಗಿ ಒತ್ತಿದಷ್ಟೂ ದವಡೆ ಹೊರಕ್ಕೆ ವಾಲಿ, ಅಳತೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಪರಿಹಾರ: ಸರಿಯುವ ಭಾಗದ ಮೇಲಂಚಿನಲ್ಲಿ ಎರಡು ಸಣ್ಣ ಸ್ಕ್ರೂಗಳಿರುತ್ತವೆ, ಅವು ಒಳಗಿನ ಗಿಬ್ ಪಟ್ಟಿಯನ್ನು ಒತ್ತುತ್ತವೆ. ಎರಡನ್ನೂ ಮುಟ್ಟುವವರೆಗೆ ಬಿಗಿ ಮಾಡಿ, ಸುಮಾರು ಎಂಟನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಬೆರಳಿಗೆ ಸಣ್ಣ ತಡೆ ಸಿಗಬೇಕು, ಆದರೆ ಎಲ್ಲೂ ಸಿಕ್ಕಿಕೊಳ್ಳಬಾರದು. ಬೀಮಿನ ನಡುವೆ ಸಡಿಲ, ತುದಿಯಲ್ಲಿ ಬಿಗಿ ಎಂದಾದರೆ ಬೀಮೇ ಸವೆದಿದೆ. ಅದಕ್ಕೆ ಸ್ಕ್ರೂ ಮದ್ದಲ್ಲ. ಅಂಥದ್ದನ್ನು ಬಡಗಿಗೆ ಕೊಟ್ಟುಬಿಡಿ, ಅವರಿಗೆ ಅದು ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆ. ಉಪಕರಣ ಯಾವುದೇ ಇರಲಿ, ಜಾಬನ್ನು ಬುಡಕ್ಕೆ ಆದಷ್ಟು ಹತ್ತಿರ ಹಿಡಿಯುವುದು ಲಾಭ.

ಮೈಕ್ರೋಮೀಟರೂ ಹೀಗೆ ಸವೆಯುತ್ತದೆ. ಬೇರಿಂಗಿನಿಂದ ತೆಗೆದ ಸಣ್ಣ ಗುಂಡನ್ನು ಆನ್ವಿಲ್ ಮುಖದ ನಡುವೆ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹಿಡಿದು ಓದಿ. ಒಂದೇ ಅಳತೆ ಬಂದರೆ ಮುಖಗಳು ಸಮಾಂತರ. ಪ್ರಯೋಗಾಲಯಗಳಲ್ಲಿ ಇದಕ್ಕೆ ಗಾಜಿನ ಬಿಲ್ಲೆಗಳನ್ನು ಬಳಸಿ ಬೆಳಕಿನ ಪಟ್ಟೆಗಳನ್ನು ಎಣಿಸುತ್ತಾರೆ, ಒಂದು ಪಟ್ಟೆಗೆ ಸುಮಾರು 0.3 ಮೈಕ್ರಾನ್. ಶೆಡ್ಡಿನಲ್ಲಿ ಗುಂಡು ಸಾಕು.

ಇನ್ನು ಸ್ಕ್ರೂವಿನ ಪರೀಕ್ಷೆ. ಹೆಚ್ಚಿನವರು ಸ್ಲಿಪ್ ಗೇಜಿನಲ್ಲಿ (ಖಚಿತ ಅಳತೆಯ ತುಂಡುಗಳಲ್ಲಿ) 5, 10, 15, 20, 25 ಎಂದು ನೋಡುತ್ತಾರೆ. ಇವೆಲ್ಲವೂ ಅರ್ಧ ಮಿಲಿಮೀಟರಿನ ಪೂರ್ಣ ಗುಣಕಗಳು, ಆದ್ದರಿಂದ ಥಿಂಬಲ್ ಪ್ರತಿ ಸಲವೂ ಸೊನ್ನೆಯಲ್ಲೇ ನಿಲ್ಲುತ್ತದೆ. ಸುತ್ತಿನ ಮಧ್ಯದಲ್ಲಿರುವ ದೋಷ ಕಾಣಿಸುವುದೇ ಇಲ್ಲ. ಅದಕ್ಕೆಂದೇ 2.5, 5.1, 7.7, 10.3, 12.9, 15, 17.6, 20.2, 22.8, 25 ಎಂಬ ವಿಚಿತ್ರ ಸರಣಿ ಬಳಕೆಗೆ ಬಂದಿದೆ. ಒಂದು ಗೇಜಿನಿಂದ ಮುಂದಿನದಕ್ಕೆ ಹೋದಂತೆ ಥಿಂಬಲ್ ನಿಲ್ಲುವ ಕೋನ ಬದಲಾಗುತ್ತದೆ. ನಿಮ್ಮ ಕ್ಯಾಲಿಬ್ರೇಷನ್ ವರದಿಯಲ್ಲಿ ಈ ಅಂಕಿಗಳಿಲ್ಲದೆ 5, 10, 15 ಮಾತ್ರ ಇದ್ದರೆ ಪ್ರಯೋಗಾಲಯದವರನ್ನು ಒಂದು ಮಾತು ಕೇಳಿ.

ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು

ಅಳತೆ ದೊಡ್ಡದಾದಂತೆ ವ್ಯತ್ಯಾಸವೂ ಬೆಳೆದರೆ, ಅಥವಾ ದಿನದ ಹೊತ್ತಿನೊಂದಿಗೆ ಬದಲಾದರೆ, ಶಾಖವೇ ಆರೋಪಿ. ಉದ್ದದ ಅಳತೆಗಳಿಗೆ ಜಗತ್ತಿನಾದ್ಯಂತ ಒಪ್ಪಿಕೊಂಡ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಡ್ರಾಯಿಂಗಿನಲ್ಲಿ ಬರೆದಿರದಿದ್ದರೂ 25.000 ಎಂದರೆ 20 ಡಿಗ್ರಿಯಲ್ಲಿ 25.000. ಏಪ್ರಿಲ್ ತಿಂಗಳಲ್ಲಿ ತಗಡಿನ ಚಾವಣಿಯ ಕೆಳಗೆ ಆ ತಾಪಮಾನ ಕನಸಿನ ಮಾತು.

ಆದರೆ ಭಯಪಡಬೇಕಾಗಿಲ್ಲ, ಲೆಕ್ಕ ತಿಳಿದರೆ ಸಾಕು. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ, ಹಿತ್ತಾಳೆ 19, ಅಲ್ಯುಮಿನಿಯಂ 23. ಜಾಬೂ ಉಕ್ಕು, ಮೈಕ್ರೋಮೀಟರೂ ಉಕ್ಕು, ಎರಡೂ 35 ಡಿಗ್ರಿಯಲ್ಲಿ ಬಹಳ ಹೊತ್ತಿನಿಂದ ಒಟ್ಟಿಗೇ ಇವೆ ಎಂದಾದರೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿರುತ್ತವೆ, ಅಳತೆ ಬಹುಮಟ್ಟಿಗೆ ಸರಿಯಾಗಿಯೇ ಬರುತ್ತದೆ. ತೊಂದರೆ ಬರುವುದು ಎರಡರ ತಾಪಮಾನ ಬೇರೆಯಾದಾಗ, ಇಲ್ಲವೇ ಲೋಹ ಬೇರೆಯಾದಾಗ. ಮಷಿನ್ನಿನಿಂದ ಈಗಷ್ಟೇ ಇಳಿದ 50 ಮಿ.ಮೀ. ಅಲ್ಯುಮಿನಿಯಂ ಜಾಬು 45 ಡಿಗ್ರಿಯಲ್ಲಿದೆ, ಗಿರಾಕಿಯ ತಪಾಸಣಾ ಕೊಠಡಿ 20 ಡಿಗ್ರಿಯಲ್ಲಿದೆ ಎಂದುಕೊಳ್ಳಿ. 25 ಡಿಗ್ರಿ ಇಳಿಯುವಾಗ ಜಾಬು ಸುಮಾರು 29 ಮೈಕ್ರಾನ್ ಕುಗ್ಗುತ್ತದೆ. 50 ಮಿ.ಮೀ.ಗೆ ಎಚ್7 ಕೊಡುವ ಪೂರ್ತಿ ಅವಕಾಶವೇ 25 ಮೈಕ್ರಾನ್. ಶೆಡ್ಡಿನಲ್ಲಿ ಕಣ್ಣೆದುರು ಪಾಸಾದ ಮಾಲು ಅಲ್ಲಿ ತಲುಪಿದ ಮೇಲೆ ರಿಜೆಕ್ಟ್ ಆಗಲು ಯಾರ ಮೋಸವೂ ಬೇಕಾಗಿಲ್ಲ.

ಪರೀಕ್ಷೆ ಸರಳ. ಅನುಮಾನ ಬಂದ ಜಾಬು, ಮೈಕ್ರೋಮೀಟರ್, ಸೆಟ್ಟಿಂಗ್ ರಾಡ್ ಮೂರನ್ನೂ ಒಂದು ದಪ್ಪ ಎರಕದ ಕಬ್ಬಿಣದ ಸರ್ಫೇಸ್ ಪ್ಲೇಟಿನ ಮೇಲೆ ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ವ್ಯತ್ಯಾಸ ಕರಗಿದರೆ ದೋಷ ಯಾವ ಉಪಕರಣದಲ್ಲೂ ಇರಲಿಲ್ಲ. ಮೈಕ್ರೋಮೀಟರ್ ಫ್ರೇಮಿನ ಮೇಲೆ ಪ್ಲಾಸ್ಟಿಕ್ ತುಂಡು ಅಂಟಿಸಿರುವುದು ಅಂದಕ್ಕಲ್ಲ. ಅಂಗೈಯ ಬಿಸಿ ಫ್ರೇಮಿಗೆ ತಾಗಬಾರದೆಂದು. ಫ್ರೇಮ್ ಬಿಸಿಯಾದರೆ ಆನ್ವಿಲ್ ದೂರ ಸರಿಯುತ್ತದೆ, ಅಳತೆ ಕಡಿಮೆ ತೋರಿಸುತ್ತದೆ. 0ರಿಂದ 25ರಲ್ಲಿ ಇದು ನಗಣ್ಯವಾಗಿರಬಹುದು, 100ರ ಮೇಲಿನ ಮೈಕ್ರೋಮೀಟರಿನಲ್ಲಿ ಅಲ್ಲ. ದೊಡ್ಡದನ್ನು ಸ್ಟ್ಯಾಂಡಿಗೆ ಕಚ್ಚಿಸಿ ಬಳಸಿ.

ಎರಡೂ ಒಪ್ಪುತ್ತವೆ, ಜಾಬು ಮಾತ್ರ ಕೂರುವುದಿಲ್ಲ

ಇದು ಅತ್ಯಂತ ಕಾಡುವ ದೋಷ. ವರ್ನಿಯರ್ ಹೇಳಿದ್ದು, ಮೈಕ್ರೋಮೀಟರ್ ಹೇಳಿದ್ದು ಎರಡೂ ಹೊಂದುತ್ತವೆ, ಯಾವ ದಿಕ್ಕಿನಲ್ಲಿ ಅಳೆದರೂ ಒಂದೇ ವ್ಯಾಸ. ಆದರೂ ಶಾಫ್ಟು ರಿಂಗ್ ಗೇಜಿನೊಳಗೆ (ತಪಾಸಣೆಯ ಉಂಗುರದೊಳಗೆ) ಹೋಗುವುದಿಲ್ಲ. ಆಗ ಜಾಬು ದುಂಡಗಿದೆಯೇ ಎಂದು ನೋಡಬೇಕು. ಸೆಂಟರ್‌ಲೆಸ್ ಗ್ರೈಂಡಿಂಗಿನಲ್ಲಿ ಕೆಲವೊಮ್ಮೆ ಶಾಫ್ಟು ಮೂರು ಉಬ್ಬುಗಳ ಆಕಾರ ಪಡೆಯುತ್ತದೆ. ತೆಳುವಾದ ಬುಷ್ಷನ್ನು ಮೂರು ದವಡೆಯ ಚಕ್ಕಿನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿ ಬಿಚ್ಚಿದಾಗಲೂ ಹಾಗೆಯೇ. ಒಂದು ಉಬ್ಬಿನ ಎದುರಿಗೆ ಒಂದು ತಗ್ಗು ಬರುವುದರಿಂದ ಎರಡು ಬಿಂದುಗಳ ನಡುವಿನ ಅಂತರ ಎಲ್ಲ ಕಡೆಯೂ ಒಂದೇ ಇರುತ್ತದೆ. ಎರಡು ಮುಖಗಳ ನಡುವೆ ಹಿಡಿದು ಅಳೆಯುವ ಯಾವ ಉಪಕರಣಕ್ಕೂ ಇದು ಕಾಣುವುದಿಲ್ಲ, ಎಷ್ಟು ಬೆಲೆಯದಾದರೂ ಸರಿ. ವಿ ಬ್ಲಾಕಿನಲ್ಲಿ ಜಾಬನ್ನಿಟ್ಟು, ಮೇಲೆ ಡಯಲ್ ಇಂಡಿಕೇಟರ್ ಮುಟ್ಟಿಸಿ ನಿಧಾನವಾಗಿ ತಿರುಗಿಸಿ. ಒಂದು ಸುತ್ತಿಗೆ ಮುಳ್ಳು ಮೂರು ಸಲ ಏರಿ ಇಳಿದರೆ ಕಾರಣ ಸಿಕ್ಕಿತು. ಸರಿಪಡಿಸಬೇಕಾದದ್ದು ಗ್ರೈಂಡಿಂಗಿನ ಸೆಟ್ಟಿಂಗನ್ನು ಅಥವಾ ಚಕ್ಕಿನ ಹಿಡಿತವನ್ನು.

ಉಪಕರಣ ಸರಿ, ಅಳೆಯುವ ಜಾಗ ತಪ್ಪು

ಸಣ್ಣ ರಂಧ್ರವನ್ನು ಕ್ಯಾಲಿಪರಿನ ಮೇಲಿನ ಕೊಂಬುಗಳಿಂದ ಅಳೆದರೆ ನಿಜಕ್ಕಿಂತ ಕಡಿಮೆ ಬರುತ್ತದೆ. ಕೊಂಬಿನ ಅಂಚು ಕತ್ತಿಯಂತೆ ಹರಿತವಲ್ಲ, ಅಲ್ಲೊಂದು ಸಣ್ಣ ಚಪ್ಪಟೆ ಇರುತ್ತದೆ. ರಂಧ್ರ ಸಣ್ಣದಾದಷ್ಟೂ ಅದರ ತಪ್ಪು ದೊಡ್ಡದು. 5 ಮಿ.ಮೀ.ಗಿಂತ ಕೆಳಗಿನ ರಂಧ್ರಕ್ಕೆ ಪಿನ್ ಗೇಜ್ ಅಥವಾ ಪ್ಲಗ್ ಗೇಜ್ ಬಿಟ್ಟರೆ ಬೇರೆ ದಾರಿ ಹುಡುಕಬೇಡಿ. ಹಾಗೆಯೇ ಬುಷ್ಷಿನ ಗೋಡೆಯ ದಪ್ಪವನ್ನು ಸಾಮಾನ್ಯ ಮೈಕ್ರೋಮೀಟರಿನಿಂದ ಅಳೆದರೆ ಹೆಚ್ಚು ಬರುತ್ತದೆ. ಚಪ್ಪಟೆ ಆನ್ವಿಲ್ ಒಳಗಿನ ಬಾಗಿನಲ್ಲಿ ತನ್ನ ಅಂಚುಗಳ ಮೇಲೆ ನಿಂತುಬಿಡುತ್ತದೆ. ಒಂದು ಕಡೆ ಗುಂಡು ತಲೆಯಿರುವ ಟ್ಯೂಬ್ ಮೈಕ್ರೋಮೀಟರ್ ಬೇಕು.

ಈ ಪಾಠವನ್ನು ಚೆನ್ನಾಗಿ ಅರಗಿಸಿಕೊಂಡವರೆಂದರೆ ಅಮೆರಿಕದ ಗುರಿಕಾರರು. ಅಲ್ಲಿ ಹಾರಿಸಿದ ಹಿತ್ತಾಳೆ ಕಾಟ್ರಿಜ್ಜನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಹವ್ಯಾಸ ವ್ಯಾಪಕ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಹಾಗಾಗಿ ಅಳತೆಯ ಭಾಗವನ್ನಷ್ಟೇ ನೋಡೋಣ. .308 ವಿಂಚೆಸ್ಟರ್ ಕಾಟ್ರಿಜ್ಜಿನ ಹಿತ್ತಾಳೆ ಕೋಶ 2.015 ಇಂಚು ಮೀರಬಾರದು, ಕತ್ತರಿಸುವಾಗ 2.005ಕ್ಕೆ ತರುತ್ತಾರೆ. ನಡುವೆ 0.010 ಇಂಚು, ಅಂದರೆ ಕಾಲು ಮಿಲಿಮೀಟರ್ ಅವಕಾಶವಿದೆ. ಕ್ಯಾಲಿಪರ್ ಧಾರಾಳವಾಗಿ ಸಾಕು. ಆದರೆ ಗುಂಡು ಕೂರಿಸಿದ ಮೇಲಿನ ಒಟ್ಟು ಉದ್ದ ಅದೇ ಕ್ಯಾಲಿಪರಿನಲ್ಲಿ ಒಂದೊಂದಕ್ಕೆ ಒಂದೊಂದು ತರಹ ಬಂದಾಗ ಹೊಸಬರು ಕ್ಯಾಲಿಪರನ್ನು ಶಪಿಸುತ್ತಾರೆ. ದೋಷ ಗುಂಡಿನ ಚೂಪು ತುದಿಯದು. ಅದು ಒಂದರಂತೆ ಇನ್ನೊಂದಿರುವುದಿಲ್ಲ. ಪಳಗಿದವರು ದವಡೆಗೆ ರಂಧ್ರವಿರುವ ಸಣ್ಣ ತುಂಡೊಂದನ್ನು ಕಚ್ಚಿಸಿ, ಗುಂಡಿನ ಬಾಗು ನಿಗದಿತ ವ್ಯಾಸಕ್ಕೆ ಬರುವ ಜಾಗದಿಂದ ಅಳೆಯುತ್ತಾರೆ. ಅದೇ ಕ್ಯಾಲಿಪರಿನ ಅಲೆದಾಟ ಆಗ ಬಹುಪಾಲು ಇಳಿಯುತ್ತದೆ. ಕೋಶದ ಕತ್ತಿನ ಗೋಡೆಗೆ ಅವರೂ ಗುಂಡು ತಲೆಯ ಮೈಕ್ರೋಮೀಟರನ್ನೇ ಹಿಡಿಯುತ್ತಾರೆ. ನಮ್ಮ ಚ್ಯಾಂಫರ್ ಇರುವ ಜಾಬುಗಳಿಗೂ ಟೇಪರ್ ಶಾಫ್ಟುಗಳಿಗೂ ಇದೇ ಬುದ್ಧಿ ಬೇಕು: ಯಾವ ಅಂಚಿನಿಂದ ಯಾವ ಅಂಚಿಗೆ ಎಂಬುದನ್ನು ಡ್ರಾಯಿಂಗಿನಲ್ಲಿ ನೋಡದೆ ಅಳೆದರೆ ಉಪಕರಣಗಳು ಹೊಂದುವುದೇ ಇಲ್ಲ.

ಹೊಸದು ಕೊಳ್ಳುವುದಾದರೆ, ಕಳುಹಿಸುವುದಾದರೆ

ಸಣ್ಣ ಶೆಡ್ಡಿಗೆ 150 ಮಿ.ಮೀ. ಕ್ಯಾಲಿಪರ್ ಎರಡು, 0ರಿಂದ 25 ಮತ್ತು 25ರಿಂದ 50 ಮೈಕ್ರೋಮೀಟರ್ ಒಂದೊಂದು, ಕೆಲವೇ ಸ್ಲಿಪ್ ಗೇಜುಗಳು, ಇಷ್ಟಿದ್ದರೆ ಈ ಬರಹದ ಬಹುತೇಕ ಪರೀಕ್ಷೆಗಳನ್ನು ಮಾಡಬಹುದು. ಹಣ ಕಡಿಮೆಯಿದ್ದರೆ ಕ್ಯಾಲಿಪರಿನಲ್ಲಿ ಉಳಿಸಿ, ಮೈಕ್ರೋಮೀಟರಿನಲ್ಲಿ ಉಳಿಸಬೇಡಿ. ಪೇಟೆಯಲ್ಲಿ ಹೆಸರಾಂತ ಬ್ರ್ಯಾಂಡುಗಳ ನಕಲುಗಳು ಅಸಲಿಯ ಪೆಟ್ಟಿಗೆಯಲ್ಲೇ ಸಿಗುತ್ತವೆ. ಬೆಲೆ ಅರ್ಧಕ್ಕಿಂತ ಕಡಿಮೆಯಾದರೆ ಕಾರಣ ಕೇಳುವ ಅಗತ್ಯವೂ ಇಲ್ಲ. ಅಂಗಡಿಯಲ್ಲೇ ಬೆಳಕಿಗೆ ಹಿಡಿದು ನೋಡಿ, ಬುಡ ಮತ್ತು ತುದಿಯ ಪರೀಕ್ಷೆ ಮಾಡಿ. ಬೇಡವೆನ್ನುವ ಅಂಗಡಿಯವರಿಂದ ಕೊಳ್ಳಬೇಡಿ.

ಮೇಲಿನ ಯಾವುದಕ್ಕೂ ಬಗ್ಗದ ದೋಷವನ್ನು ಪ್ರಯೋಗಾಲಯಕ್ಕೆ ಕಳುಹಿಸಿ. ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆಯಿರುವ ಪ್ರಯೋಗಾಲಯಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ, ಅವುಗಳ ಅಳತೆಯ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಂಥ ಸಂಸ್ಥೆಯವರೆಗೆ ಹೋಗುತ್ತದೆ. ವರದಿ ಬಂದ ಮೇಲೆ ಅದನ್ನು ಆಡಿಟ್ ದಿನಕ್ಕೆಂದು ಫೈಲಿನಲ್ಲಿ ಮುಚ್ಚಿಡದೆ, ಪ್ರತಿ ಬಿಂದುವಿನ ಎದುರು ಬರೆದ ತಪ್ಪಿನ ಅಂಕಿಯನ್ನು ಓದಿ. 10.3ರಲ್ಲಿ ಒಂದು ಮೈಕ್ರಾನ್, 22.8ರಲ್ಲಿ ಆರು ಮೈಕ್ರಾನ್ ಎಂದಿದ್ದರೆ ಸ್ಕ್ರೂ ಆ ಕೊನೆಯಲ್ಲಿ ಸವೆದಿದೆ. 15 ಮಿ.ಮೀ.ವರೆಗಿನ ಜಾಬಿಗೆ ಆ ಮೈಕ್ರೋಮೀಟರ್ ಈಗಲೂ ಸರಿ ಎಂದು ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿ.

ಉಪಕರಣ ಕೆಟ್ಟಿರುವುದು ಖಚಿತವಾದರೆ ಇನ್ನೊಂದು ಕೆಲಸ ಬಾಕಿಯಿರುತ್ತದೆ. ಅದು ಸರಿಯಿತ್ತು ಎಂದು ಕೊನೆಯ ಸಲ ದಾಖಲಾದ ದಿನದಿಂದ ಇಂದಿನವರೆಗೆ ಅದರಲ್ಲಿ ಅಳೆದು ಕಳುಹಿಸಿದ ಲಾಟುಗಳ ಪಟ್ಟಿ ತೆಗೆಯಿರಿ. ಟಾಲರೆನ್ಸಿನ ಅಂಚಿನಲ್ಲಿ ಪಾಸಾದವುಗಳನ್ನು ಬೇರೆ ಮಾಡಿ, ಗೋದಾಮಿನಲ್ಲಿ ಉಳಿದಿದ್ದರೆ ಮತ್ತೆ ಅಳೆಯಿರಿ, ಗಿರಾಕಿಗೆ ಹೋಗಿದ್ದರೆ ಅವರಿಗೆ ಫೋನ್ ಮಾಡಿ. ಅವರ ತಪಾಸಕರು ಕಂಡುಹಿಡಿದು ಫೋನ್ ಮಾಡುವುದಕ್ಕಿಂತ ಆ ಕರೆಯ ಖರ್ಚು ಕಡಿಮೆ.